ಚಪ್ಪಲಿ ನೆಟ್ಟ ಗೋಲು

ನಮ್ಮ ಮನೆಯ ಹಿಂದೆ ಒಂದು ಖಾಲಿ ಸೈಟಿದೆ. ಭಾನುವಾರ ಬೆಳಗ್ಗೆ ಏಳು ಗಂಟೆಗೆಲ್ಲ ಅಲ್ಲಿ ಫುಟ್‌ಬಾಲ್ ಶುರು. ಗೋಲಿಗೆ ಕಂಬಗಳಿಲ್ಲ; ಅತ್ತ ಒಂದು ಜೊತೆ ಚಪ್ಪಲಿ, ಇತ್ತ ಒಂದು ಜೊತೆ, ನಡುವೆ ಎಂಟು ಹೆಜ್ಜೆ. ಯಾರ ಹೆಜ್ಜೆ ಎನ್ನುವುದೇ ದಿನದ ಮೊದಲ ಜಗಳ. ಎರಡನೆಯದು ಆಟ ಶುರುವಾದ ಹತ್ತು ನಿಮಿಷಕ್ಕೆ ಬರುತ್ತದೆ. ಚೆಂಡು ಕೀಪರನ ತಲೆಯ ಮೇಲಿಂದ ಹಾದುಹೋಗುತ್ತದೆ. ಒಂದು ಪಾಳಯ ‘ಗೋಲ್!’ ಎಂದು ಕುಣಿಯುತ್ತದೆ, ಇನ್ನೊಂದು ‘ಲೇಯ್, ಹೈಟು ಕಣೋ!’ ಎಂದು ಅರಚುತ್ತದೆ. ಚಪ್ಪಲಿಗೆ ಎತ್ತರವಿಲ್ಲವಲ್ಲ! ಕೀಪರ್ ಕೈಯೆತ್ತಿ ಹಾರಿದರೆ ಎಟುಕುವಷ್ಟೇ ಗೋಲಿನ ಎತ್ತರ ಎಂಬುದು ಅವರ ಕಾನೂನು. ಹಾಗಾಗಿ ಎರಡೂ ತಂಡದವರು ತಮ್ಮಲ್ಲಿರುವ ಅತಿ ಕುಳ್ಳನನ್ನು ಹುಡುಕಿ ಕೀಪರ್ ಮಾಡುತ್ತಾರೆ.

ಇದೇ ತಕರಾರು ಒಂದು ಕಾಲಕ್ಕೆ ಇಂಗ್ಲೆಂಡಿನ ಮೀಸೆ ಹೊತ್ತ ಗಂಡಸರದ್ದೂ ಆಗಿತ್ತು. 1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕೆಲವು ಕ್ಲಬ್ಬುಗಳವರು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಅಲ್ಲಿಯವರೆಗೆ ಒಂದೊಂದು ಶಾಲೆಯದು ಒಂದೊಂದು ಆಟ. ಬೇರೆ ಊರಿನವರ ಜೊತೆ ಆಡಬೇಕೆಂದರೆ ಮೊದಲು ನಿಯಮದ ಚೌಕಾಸಿ ಆಗಬೇಕಿತ್ತು. ಎಬೆನೀಜರ್ ಕಾಬ್ ಮಾರ್ಲಿ ಎಂಬ ವಕೀಲ ಕರಡು ಬರೆದ. ವರ್ಷ ಮುಗಿಯುವ ಹೊತ್ತಿಗೆ 13 ನಿಯಮಗಳು ಸಿದ್ಧವಾದವು. ಗೋಲೆಂದರೆ 8 ಗಜ ಅಂತರದಲ್ಲಿ ನೆಟ್ಟ ಎರಡು ಕಂಬ. ಎತ್ತರದ ಸೊಲ್ಲೇ ಇಲ್ಲ. ಕಂಬಗಳ ನಡುವೆ, ಆಕಾಶದಲ್ಲಿ ಎಷ್ಟು ಮೇಲೆ ಹೋದರೂ ಗೋಲೇ. ಮೂರು ವರ್ಷಕ್ಕೇ ಬುದ್ಧಿ ಬಂದು 8 ಅಡಿ ಎತ್ತರಕ್ಕೆ ಒಂದು ಪಟ್ಟಿ ಕಟ್ಟಿದರು. ಗಟ್ಟಿ ಅಡ್ಡಪಟ್ಟಿ ಕಡ್ಡಾಯವಾಗಿದ್ದು 1882ರಲ್ಲಿ. ಆಮೇಲೂ ಚೆಂಡು ಕಂಬದ ಒಳಗೆ ಹೋಯಿತೋ ಹೊರಗೋ ಎಂಬ ಜಗಳ ಉಳಿದೇ ಇತ್ತು. ಲಿವರ್‌ಪೂಲ್‌ನ ಜಾನ್ ಬ್ರೋಡಿ ಎಂಬ ಎಂಜಿನಿಯರ್ ಗೋಲಿನ ಬೆನ್ನಿಗೆ ಬಲೆ ಕಟ್ಟುವ ಉಪಾಯ ಹೂಡಿದ ಮೇಲೆ, 1891ರ ಸುಮಾರಿಗೆ, ಅದೂ ತಣ್ಣಗಾಯಿತು. ಸುರಂಗ, ರಸ್ತೆ ಕಟ್ಟಿಸಿದ ಮನುಷ್ಯ ಆತ. ನನ್ನ ಲೆಕ್ಕದಲ್ಲಿ ಆ ಬಲೆಯೇ ಅವನ ದೊಡ್ಡ ಕಾಮಗಾರಿ.

ಫುಟ್‌ಬಾಲ್‌ನ ನಿಯಮಪುಸ್ತಕ ಓದುವುದಕ್ಕೆ ಹೀಗೆ ಜಗಳದ ಬೆನ್ನು ಹಿಡಿಯುವುದೇ ಸರಿಯಾದ ದಾರಿ ಎಂದು ನನಗನಿಸುತ್ತದೆ. ಈಗ ಅದರಲ್ಲಿ 17 ನಿಯಮಗಳಿವೆ. ಯಾವುದನ್ನು ಕೆದಕಿದರೂ ಅಡಿಯಲ್ಲಿ ಒಂದು ಜಗಳ ಸಿಗುತ್ತದೆ. ಆ ಜಗಳವನ್ನೂ ಕೆದಕಿದರೆ ಬಹುತೇಕ ಸಲ ಎರಡೇ ಸಂಗತಿ ಉಳಿಯುತ್ತವೆ: ಎಷ್ಟು ದೂರ, ಎಷ್ಟು ಹೊತ್ತು.

ಆಟದ ಚೌಕಟ್ಟನ್ನು ಬೇಗ ಹೇಳಿಬಿಡುತ್ತೇನೆ. ತಂಡಕ್ಕೆ ಹನ್ನೊಂದು ಜನ. 45 ನಿಮಿಷಗಳ ಎರಡು ಅರ್ಧ, ಜೊತೆಗೆ ಪೋಲಾದ ಹೊತ್ತಿಗೆ ಬದಲಿ ನಿಮಿಷಗಳು. ದೊಡ್ಡ ಪಂದ್ಯಗಳ ಅಂಗಳ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಚೆಂಡು ಪಕ್ಕದ ಗೆರೆ ದಾಟಿದರೆ ಕೈಯಿಂದ ಎಸೆತ. ಗೋಲಿನ ಗೆರೆಯಿಂದಾಚೆಗೆ ರಕ್ಷಕರೇ ತಳ್ಳಿದ್ದರೆ ಕಾರ್ನರ್, ದಾಳಿಕೋರರು ತಳ್ಳಿದ್ದರೆ ಗೋಲ್‌ಕಿಕ್. ಗೋಲಾಗಬೇಕಾದರೆ ಇಡೀ ಚೆಂಡು ಇಡೀ ಗೆರೆಯನ್ನು ದಾಟಬೇಕು; ಗೆರೆಯ ಅಂಚಿನ ನೇರಕ್ಕೆ ಚೆಂಡಿನ ಒಂದು ಕೂದಲೆಳೆ ಉಳಿದಿದ್ದರೂ ಗೋಲಿಲ್ಲ. ಗೋಲಿನ ಅಗಲ 7.32 ಮೀಟರ್, ಫ್ರೀಕಿಕ್ಕಿಗೆ ಬಿಡಬೇಕಾದ ಅಂತರ 9.15 ಮೀಟರ್. ಈ ವಿಚಿತ್ರ ಸಂಖ್ಯೆಗಳನ್ನು ಯಾವ ವಿಜ್ಞಾನಿಯೂ ಕಂಡುಹಿಡಿದದ್ದಲ್ಲ. 8 ಗಜ, 10 ಗಜ ಅಂತ ಇದ್ದದ್ದು ಮೀಟರಿಗೆ ತಿರುಗಿದಾಗ ಹೀಗಾದವು, ಅಷ್ಟೇ.

ಇನ್ನು ಕೈಯ ವಿಷಯ. 1863ರ ಸಭೆಗಳಲ್ಲಿ ಬಿಸಿ ಏರಿದ್ದು ಎರಡು ಮಾತಿಗೆ: ಚೆಂಡನ್ನು ಎತ್ತಿಕೊಂಡು ಓಡಬಹುದೇ? ಓಡುವವನ ಮೊಣಕಾಲ ಕೆಳಗೆ ಒದ್ದು ಕೆಡವಬಹುದೇ? ಎರಡೂ ಕೂಡದು ಎಂದು ತೀರ್ಮಾನವಾಯಿತು. ಒದೆಯುವ ಹಕ್ಕು ಹೋದರೆ ಗಂಡಸುತನವೇ ಹೋಯಿತು ಎಂದು ಸಿಟ್ಟಾದ ಬ್ಲ್ಯಾಕ್‌ಹೀತ್ ಕ್ಲಬ್ ಎದ್ದು ಹೊರನಡೆಯಿತು. ಆ ಕಡೆಗೆ ಹೋದವರ ಆಟ ಮುಂದೆ ರಗ್ಬಿಯಾಯಿತು. ಈ ಕಡೆ ಉಳಿದದ್ದು ‘ಅಸೋಸಿಯೇಷನ್ ಫುಟ್‌ಬಾಲ್’. ವಿದ್ಯಾರ್ಥಿಗಳು ಅಸೋಸಿಯೇಷನ್ ಎಂಬ ಪದದ ನಡುವಿನ ತುಣುಕನ್ನು ಕಿತ್ತು ಸಾಕರ್ ಎಂದು ಕರೆದರು. ಅಮೆರಿಕನ್ನರನ್ನು ಈ ಹೆಸರಿಗಾಗಿ ಗೇಲಿ ಮಾಡುವ ಇಂಗ್ಲಿಷರು ಅದು ತಮ್ಮದೇ ಕೂಸು ಎಂಬುದನ್ನು ಮರೆತಿರುತ್ತಾರೆ.

ಕೈ ಕಳೆದುಕೊಂಡ ಆಟಕ್ಕೆ ಏನಾಯಿತು ನೋಡಿ. ಕೈಗೆ ಬೆರಳಿದೆ, ಹಿಡಿತವಿದೆ. ಕೈಯಲ್ಲಿರುವ ವಸ್ತು ನನ್ನದು. ಕಾಲಿಗೆ ಆ ಭಾಗ್ಯವಿಲ್ಲ. ಒದೆಯುವಾಗ ಪಾದಕ್ಕೂ ಚೆಂಡಿಗೂ ಇರುವ ಸಂಪರ್ಕ ಸೆಕೆಂಡಿನ ನೂರನೇ ಒಂದು ಭಾಗದಷ್ಟು. ಎಂಥ ಮಾಂತ್ರಿಕನ ಕಾಲಲ್ಲಿದ್ದರೂ ಚೆಂಡು ಅರ್ಧ ಕಳೆದುಹೋದಂತೆಯೇ. ಅವನು ಮುಂದಕ್ಕೆ ತಳ್ಳುತ್ತಾನೆ, ಬೆನ್ನಟ್ಟುತ್ತಾನೆ, ಮತ್ತೆ ತಳ್ಳುತ್ತಾನೆ. ಆ ಎರಡು ಮುಟ್ಟುಗಳ ನಡುವಿನ ತೆರಪಿನಲ್ಲಿ ಎದುರಾಳಿ ಕಾಲು ಹಾಕುತ್ತಾನೆ. ಇಪ್ಪತ್ತು ಪಾಸ್ ಕೂಡಿಸಿ ಕಟ್ಟಿದ ದಾಳಿ ಇಪ್ಪತ್ತೊಂದನೆಯದರಲ್ಲಿ ಮಣ್ಣುಪಾಲಾಗುತ್ತದೆ. ಆದ್ದರಿಂದಲೇ ತೊಂಬತ್ತು ನಿಮಿಷಕ್ಕೆ ಎರಡೋ ಮೂರೋ ಗೋಲು. ಬ್ಯಾಸ್ಕೆಟ್‌ಬಾಲ್‌ನಲ್ಲಿ ನೂರು ಅಂಕ ಬರುವಷ್ಟರಲ್ಲಿ ಅದೃಷ್ಟ ದುರದೃಷ್ಟಗಳು ಒಂದಕ್ಕೊಂದು ವಜಾ ಆಗಿ ಬಲಿಷ್ಠನೇ ಗೆಲ್ಲುತ್ತಾನೆ. ಇಲ್ಲಿ ಲೆಕ್ಕ ಅಷ್ಟು ಉದ್ದಕ್ಕೆ ಬೆಳೆಯುವುದೇ ಇಲ್ಲ. ಕಂಬಕ್ಕೆ ತಾಗಿದ ಒಂದು ಚೆಂಡು ಒಳಗೆ ಪುಟಿಯಿತೋ ಹೊರಗೋ ಎಂಬುದರಲ್ಲೇ ಫಲಿತಾಂಶ ಮಗುಚುತ್ತದೆ. ಫುಟ್‌ಬಾಲ್ ನ್ಯಾಯವಂತ ಆಟವಲ್ಲ ಎಂದು ದೂರುವವರಿದ್ದಾರೆ. ಅಲ್ಲ, ಒಪ್ಪುತ್ತೇನೆ. ಬಡ ತಂಡದ ಅಭಿಮಾನಿಯೂ ಟಿಕೆಟ್ ಕೊಳ್ಳುವುದು ಅದಕ್ಕೇ.

ವೃತ್ತಿಪರ ಆಟಗಾರನೊಬ್ಬ ಪಂದ್ಯವೊಂದರಲ್ಲಿ ಹತ್ತು-ಹನ್ನೊಂದು ಕಿಲೋಮೀಟರ್ ಓಡುತ್ತಾನೆ, ಅದರಲ್ಲಿ ಚೆಂಡು ಅವನ ಕಾಲಲ್ಲಿರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅವನು ಮಾಡುವುದು ಜಾಗದ ವ್ಯವಹಾರ: ಜಾಗ ಹುಡುಕುವುದು, ಜಾಗ ಮುಚ್ಚುವುದು, ಎದುರಾಳಿಯನ್ನು ಬೇಡದ ಜಾಗಕ್ಕೆ ಎಳೆದೊಯ್ಯುವುದು. ನಮ್ಮ ಸೈಟಿನ ಹುಡುಗರಿಗೆ ಇದು ಇನ್ನೂ ಹತ್ತಿಲ್ಲ. ಬೆಲ್ಲದ ಚೂರಿಗೆ ಇರುವೆ ಮುತ್ತಿದಂತೆ ಹನ್ನೆರಡೂ ಜನ ಚೆಂಡಿನ ಸುತ್ತ. ಒಬ್ಬ ಮಾತ್ರ ಜಾಣ. ಎದುರಾಳಿಯ ಚಪ್ಪಲಿಗಳ ಪಕ್ಕದಲ್ಲೇ ಬಿಡಾರ ಹೂಡಿ, ಚೆಂಡು ಅತ್ತ ಬಂದೊಡನೆ ಕಾಲು ಚಾಚುತ್ತಾನೆ. ‘ಅಲ್ಲೇ ನಿಂತಿರ್ತಾನೆ, ಮೋಸ!’ ಎಂದು ಕೂಗು ಏಳುತ್ತದೆ. ಆ ಕೂಗಿಗೆ ನಿಯಮಪುಸ್ತಕ ಇಟ್ಟ ಹೆಸರು ಆಫ್‌ಸೈಡ್.

ನಿಯಮ ಹೀಗಿದೆ. ನನ್ನ ತಂಡದವನು ಚೆಂಡು ಒದ್ದ ಕ್ಷಣದಲ್ಲಿ ನಾನು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಮುಂದಿದ್ದು, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿದ್ದರೆ ಆಫ್‌ಸೈಡ್ ಸ್ಥಾನದಲ್ಲಿದ್ದೇನೆ. ಕೊನೆಯವನು ಸಾಮಾನ್ಯವಾಗಿ ಕೀಪರ್, ಹಾಗಾಗಿ ಲೆಕ್ಕಕ್ಕೆ ಸಿಗುವುದು ಕಟ್ಟಕಡೆಯ ರಕ್ಷಕ. ಸಮಕ್ಕಿದ್ದರೆ ತಪ್ಪಿಲ್ಲ. ತೋಳು-ಕೈಗಳನ್ನು ಅಳೆಯುವುದಿಲ್ಲ, ಅವುಗಳಿಂದ ಗೋಲು ಹೊಡೆಯಲಾಗದಲ್ಲ! ಸುಮ್ಮನೆ ನಿಂತಿದ್ದರೂ ಅಪರಾಧವಲ್ಲ, ಆಟಕ್ಕೆ ಕಾಲಿಟ್ಟರಷ್ಟೇ. ಗೋಲ್‌ಕಿಕ್, ಕಾರ್ನರ್, ಪಕ್ಕದ ಎಸೆತ, ಈ ಮೂರಕ್ಕೆ ವಿನಾಯಿತಿ. ‘ಚೆಂಡು ಒದ್ದ ಕ್ಷಣ’ ಎಂಬುದನ್ನು ಎರಡು ಸಲ ಓದಿ. ಚೆಂಡು ನನ್ನ ಕಾಲಿಗೆ ಬರುವಾಗ ನಾನೆಲ್ಲಿದ್ದೆ ಎಂಬುದು ಯಾರಿಗೂ ಬೇಕಿಲ್ಲ. ಹೊಸಬರು ಎಡವುವುದು ಇಲ್ಲೇ.

1925ರವರೆಗೆ ‘ಎರಡನೆಯವನು’ ಎಂಬಲ್ಲಿ ‘ಮೂರನೆಯವನು’ ಎಂದಿತ್ತು. ನ್ಯೂಕಾಸಲ್‌ನ ಬಿಲ್ ಮೆಕ್ರಾಕನ್ ಎಂಬ ರಕ್ಷಕ ಸರಿಯಾದ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಬಂದುಬಿಡುತ್ತಿದ್ದ. ದಾಳಿಕೋರರ ಸಾಲೇ ಬಲೆಗೆ ಬೀಳುತ್ತಿತ್ತು. ಎಲ್ಲರೂ ಅದನ್ನೇ ಕಲಿತು ಆಟ ಬೇಸರ ಹಿಡಿಸಿತು. ಮೂರನ್ನು ಎರಡು ಮಾಡಿದ ಮರುವರ್ಷ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಲ್ಲಿ ಗೋಲುಗಳು 4,700ರಿಂದ 6,373ಕ್ಕೆ ಏರಿದವು. ಒಂದು ಸಂಖ್ಯೆ ತಿದ್ದಿದ್ದಕ್ಕೆ ಇಷ್ಟು.

ಈ ನಿಯಮ ಇಲ್ಲದಿದ್ದರೆ ಎರಡೂ ಗೋಲುಗಳ ಮುಂದೆ ಎರಡು ಗುಂಪು, ನಡುವೆ ಬರೀ ಉದ್ದ ಒದೆತ. ಇರುವುದರಿಂದ ರಕ್ಷಣೆಯ ಸಾಲೇ ಒಂದು ನಡೆಯುವ ಬೇಲಿಯಾಗುತ್ತದೆ. ಬೇಲಿ ಮುಂದೆ ಬಂದರೆ ಅಂಗಳ ಕಿರಿದಾಗುತ್ತದೆ, ಹಿಂದೆ ಸರಿದರೆ ಹಿಗ್ಗುತ್ತದೆ. 2022ರ ನವೆಂಬರ್ 22ರಂದು, ಕತಾರ್ ವಿಶ್ವಕಪ್‌ನಲ್ಲಿ, ಲುಸೈಲ್ ಅಂಗಳದಲ್ಲಿ ಸೌದಿ ಅರೇಬಿಯಾ ಈ ಬೇಲಿಯನ್ನು ಹುಚ್ಚು ಧೈರ್ಯದಲ್ಲಿ ಹಿಡಿದು ಆಡಿತು. ಎದುರಿಗೆ 36 ಪಂದ್ಯ ಸೋಲರಿಯದ ಅರ್ಜೆಂಟೀನಾ. ಹತ್ತನೇ ನಿಮಿಷಕ್ಕೆ ಮೆಸ್ಸಿಯ ಪೆನಾಲ್ಟಿ ಗೋಲು. ಸೌದಿಗಳು ಹಿಂದೆ ಸರಿಯುತ್ತಾರೆ ಎಂದುಕೊಂಡರೆ ಅವರು ಇನ್ನೂ ಮುಂದೆ ಬಂದರು, ಬೆನ್ನ ಹಿಂದೆ ಹೊಲದಷ್ಟು ಜಾಗ ಬಿಟ್ಟು. ಅರ್ಜೆಂಟೀನಾ ಆ ಜಾಗಕ್ಕೆ ಮತ್ತೆ ಮತ್ತೆ ನುಗ್ಗಿತು. ಮೊದಲಾರ್ಧದಲ್ಲೇ ಮೂರು ಸಲ ಚೆಂಡು ಬಲೆ ಸೇರಿತು, ಮೂರೂ ಆಫ್‌ಸೈಡ್: ಮೆಸ್ಸಿಯದೊಂದು, ಲೌತಾರೊ ಮಾರ್ಟಿನೆಜ್‌ನವು ಎರಡು. ಅದರಲ್ಲಿ ಮಾರ್ಟಿನೆಜ್ ಒಮ್ಮೆ ಸಿಕ್ಕಿಬಿದ್ದದ್ದು ಭುಜದ ಅಂಚಿನಷ್ಟಕ್ಕೆ. ವಿರಾಮದ ನಂತರ ಐದು ನಿಮಿಷದ ಅಂತರದಲ್ಲಿ ಸೌದಿಗಳು ಎರಡು ಗೋಲು ಹೊಡೆದು 2-1ರಿಂದ ಗೆದ್ದರು. ಆ ವಿಶ್ವಕಪ್ ಕೊನೆಗೆ ಅರ್ಜೆಂಟೀನಾದ ಪಾಲಾಯಿತು ಎಂಬುದು ಬೇರೆ ಕತೆ.

ಭುಜದ ಅಂಚನ್ನು ಹಿಡಿಯುವುದು ಮನುಷ್ಯನ ಕಣ್ಣಿಗೆ ಸಾಧ್ಯವೇ? ಲೆಕ್ಕ ಹಾಕೋಣ. ದಾಳಿಕೋರ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗೋಲಿನತ್ತ ಓಡುತ್ತಿದ್ದಾನೆ. ಅವನನ್ನು ಬಲೆಗೆ ಕೆಡವಲು ರಕ್ಷಕ ಸೆಕೆಂಡಿಗೆ 5 ಮೀಟರಿನಂತೆ ಎದುರು ದಿಕ್ಕಿಗೆ ಬರುತ್ತಿದ್ದಾನೆ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ 12 ಮೀಟರ್ ಬದಲಾಗುತ್ತಿದೆ. ಪಕ್ಕದ ಗೆರೆಯಲ್ಲಿ ಬಾವುಟ ಹಿಡಿದವನು ಚೆಂಡು ಒದ್ದವನನ್ನು ನೋಡಿ, ಕಣ್ಣು ಹೊರಳಿಸಿ ಇವರಿಬ್ಬರನ್ನು ನೋಡುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದರೂ 1.2 ಮೀಟರ್ ವ್ಯತ್ಯಾಸವಾಯಿತು. ಅವನು ಗೆರೆಗೆ ಸರಿಯಾಗಿ ಸಮಕ್ಕೆ ನಿಂತಿರದಿದ್ದರೆ ಓರೆನೋಟದ ತಪ್ಪು ಬೇರೆ ಸೇರುತ್ತದೆ. ಮಿದುಳಿನದೂ ಒಂದು ಆಟವಿದೆ. ಚಲಿಸುವ ವಸ್ತು ತಾನಿರುವ ಜಾಗಕ್ಕಿಂತ ಒಂಚೂರು ಮುಂದೆ ಇದ್ದಂತೆ ನಮಗೆ ಕಾಣಿಸುತ್ತದೆ. ಓಡುವ ದಾಳಿಕೋರ ನಿಜಕ್ಕಿಂತ ಮುಂದೆ ಕಂಡರೆ ಬಾವುಟ ಸುಮ್ಮನೆ ಮೇಲೇಳುತ್ತದೆ. ಪಾಪ, ದಶಕಗಳ ಕಾಲ ಬೈಗುಳ ತಿಂದದ್ದು ಬಾವುಟದವನು. ತಪ್ಪು ಕಣ್ಣಿನ ಹಿಂದಿದ್ದ ನರಗಳದು.

ಕತಾರ್‌ನಲ್ಲಿ ಈ ಕೆಲಸಕ್ಕೆ ಯಂತ್ರ ಬಂತು. ಚಾವಣಿಯಡಿ 12 ಕ್ಯಾಮೆರಾ. ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತವೆ. ಚೆಂಡಿನ ಹೊಟ್ಟೆಯಲ್ಲೊಂದು ಸಂವೇದಕ. ಒದ್ದ ಕ್ಷಣ ಯಾವುದೆಂದು ಸೆಕೆಂಡಿಗೆ 500 ಸಲ ಮಿಡಿದು ತಿಳಿಸುತ್ತದೆ. ನಿಖರತೆಗೆ ಎರಡು ಮಾತಿಲ್ಲ. ಗೋಲಾದ ಕೂಡಲೇ ಕುಣಿಯುವ ಸುಖ ಹೋಯಿತು ಎಂಬ ಗೊಣಗಾಟಕ್ಕೂ ನನ್ನ ಸಹಮತವಿದೆ. ಈಗ ಜನ ಅರ್ಧ ಕುಣಿದು, ರೆಫ್ರಿ ಕಿವಿಗೆ ಬೆರಳಿಟ್ಟನೋ ಎಂದು ನೋಡಿ, ಆಮೇಲೆ ಉಳಿದರ್ಧ ಕುಣಿಯುತ್ತಾರೆ.

ಅಂತರದ ಜಗಳಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್‌ನಲ್ಲಿ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಮುಖಾಮುಖಿ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ 96ನೇ ನಿಮಿಷದಲ್ಲಿ ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಫ್ರೀಕಿಕ್. ಕೇರಳದವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವುದರಲ್ಲಿದ್ದರು, ಕೀಪರ್ ಕಂಬದ ಬಳಿ ನಿಂತು ಅದನ್ನು ಸರಿಪಡಿಸುತ್ತಿದ್ದ. ಸುನಿಲ್ ಚೆಟ್ರಿ ಕಾಯಲಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಇಳಿಸಿಬಿಟ್ಟರು. ರೆಫ್ರಿ ಗೋಲು ಕೊಟ್ಟರು. ಕೇರಳದ ಕೋಚ್ ತನ್ನ ತಂಡವನ್ನು ಅಂಗಳದಿಂದ ಹೊರಗೆ ಕರೆದೊಯ್ದ. ಪಂದ್ಯ ಬೆಂಗಳೂರಿನ ಪಾಲಾಯಿತು. ಎರಡು ರಾಜ್ಯಗಳ ಅಭಿಮಾನಿಗಳು ಇಂದಿಗೂ ಫೋನಿನಲ್ಲಿ ಕಿತ್ತಾಡುತ್ತಾರೆ.

ನಿಯಮ ಏನನ್ನುತ್ತದೆ? 9.15 ಮೀಟರ್ ದೂರ ನಿಲ್ಲುವುದು ರಕ್ಷಕರ ಕರ್ತವ್ಯ. ಅವರು ನಿಲ್ಲುವವರೆಗೆ ಕಾಯಬೇಕೆಂಬ ಕಟ್ಟುಪಾಡು ಒದೆಯುವವನಿಗಿಲ್ಲ. ಅವನಾಗಿ ‘ದೂರ ಸರಿಸಿ’ ಎಂದು ಕೇಳಿ, ರೆಫ್ರಿ ‘ಸೀಟಿ ಊದುವವರೆಗೆ ತಡಿ’ ಎಂದಿದ್ದರೆ ಮಾತ್ರ ಕಾಯಬೇಕು. ಅಂದು ರೆಫ್ರಿ ತಡಿ ಎಂದಿದ್ದರೋ ಇಲ್ಲವೋ ಎಂಬುದರ ಮೇಲೆಯೇ ಕಿತ್ತಾಟ. ಫ್ರೀಕಿಕ್ ಇರುವುದು ತಪ್ಪಿಗೆ ಒಳಗಾದವನ ಅನುಕೂಲಕ್ಕೆ ಎಂಬ ತತ್ವದಲ್ಲಿ ಮಾತ್ರ ನನಗೆ ಗೊಂದಲವಿಲ್ಲ. ಬೆಂಗಳೂರಿಗನಾಗಿ ಹೇಳುತ್ತಿದ್ದೇನೆ, ಹಾಗಾಗಿ ನನ್ನ ಮಾತಿಗೆ ಚಿಟಿಕೆ ಉಪ್ಪು ಸೇರಿಸಿಕೊಳ್ಳಿ.

ಗೋಡೆ ಎದ್ದ ಮೇಲೆ ಒದೆಯಬೇಕಾದರೆ ಗಾಳಿಯ ಸಹಾಯ ಬೇಕು. 1997ರ ಜೂನ್ 3ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್ ದೂರದಿಂದ ಎಡಗಾಲಿನ ಹೊರ ಅಂಚಿನಲ್ಲಿ ಒದ್ದ ಚೆಂಡು ಗೋಡೆಯ ಬಲಕ್ಕೆ ಎಲ್ಲೋ ಹೊರಟಿತು. ಗೋಲಿನಿಂದ ಹಲವು ಮೀಟರ್ ಆಚೆ ಕೂತಿದ್ದ ಚೆಂಡು ಹೆಕ್ಕುವ ಹುಡುಗ ತನಗೇ ಬಡಿಯುತ್ತದೆಂದು ತಲೆ ತಗ್ಗಿಸಿದ. ಅಷ್ಟರಲ್ಲಿ ಚೆಂಡು ಎಡಕ್ಕೆ ಬಾಗಿ, ಕಂಬ ಸವರಿ ಒಳಗೆ. ಕೀಪರ್ ಬಾರ್ತೆಜ್ ನಿಂತಲ್ಲೇ ನಿಂತಿದ್ದ.

ಆದದ್ದಿಷ್ಟು. ಹೊರ ಅಂಚಿನ ಒದೆತಕ್ಕೆ ಚೆಂಡು, ಮೇಲಿನಿಂದ ನೋಡಿದರೆ, ಗಡಿಯಾರದ ವಿರುದ್ಧ ದಿಕ್ಕಿಗೆ ಗಿರಗಿರನೆ ತಿರುಗುತ್ತದೆ. ಅದರ ಎಡಮೈ ಎದುರಿನ ಗಾಳಿಯ ಜೊತೆಗೇ ಹಿಂದಕ್ಕೆ ಸಾಗುತ್ತದೆ, ಬಲಮೈ ಗಾಳಿಗೆ ಎದುರಾಗಿ ಉಜ್ಜುತ್ತದೆ. ಎಡಗಡೆಯ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹಿಂಬದಿಯಲ್ಲಿ ಬಲಕ್ಕೆ ಸಿಡಿಯುತ್ತದೆ. ಗಾಳಿಯನ್ನು ಬಲಕ್ಕೆ ತಳ್ಳಿದ ಚೆಂಡು ತಾನು ಎಡಕ್ಕೆ ಸರಿಯುತ್ತದೆ. ದಡವನ್ನು ಕೋಲಿನಿಂದ ತಳ್ಳಿದ ದೋಣಿ ಆಚೆ ಸರಿಯುವಂತೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್ ಹೆಸರು ಇದಕ್ಕಿದೆ, ಅವನಿಗೂ ಮುಂಚೆ ನ್ಯೂಟನ್ ಟೆನಿಸ್ ಚೆಂಡಿನಲ್ಲಿ ಇದನ್ನು ಗಮನಿಸಿದ್ದ. ದೂರ ಹೋದಂತೆ ಚೆಂಡಿನ ವೇಗ ಕುಗ್ಗುತ್ತದೆ, ತಿರುಗುವಿಕೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಬಾಗು ಕೊನೆಕೊನೆಗೆ ಬಿಗಿಯಾಗುತ್ತದೆ. 2010ರಲ್ಲಿ ಫ್ರೆಂಚ್ ಭೌತವಿಜ್ಞಾನಿಗಳು ಸಣ್ಣ ಗುಂಡುಗಳನ್ನು ನೀರಿನೊಳಗೆ ತಿರುಗಿಸಿ ಹಾರಿಸಿ, ಆ ಹಾದಿ ಬಸವನಹುಳುವಿನ ಚಿಪ್ಪಿನ ಸುರುಳಿಯಂತೆ ಮಡಚಿಕೊಳ್ಳುತ್ತದೆ ಎಂದು ತೋರಿಸಿದರು. ಕಾರ್ಲೋಸ್‌ನ ಚೆಂಡಿಗೆ ಆ ಸುರುಳಿಯ ಶುರುವನ್ನು ತೋರಿಸುವಷ್ಟು ದೂರ ಸಿಕ್ಕಿತ್ತು.

ತಿರುಗದ ಚೆಂಡಿನ ಕತೆ ಇನ್ನೂ ತಲೆಹರಟೆ. ಕ್ರಿಕೆಟ್ ನೋಡುವವರಿಗೆ ಹೊಲಿಗೆಯ ಮಹಿಮೆ ಗೊತ್ತು. ಇಲ್ಲೂ ಅಷ್ಟೇ: ಹೊಲಿಗೆ, ಒರಟು ಮೈ ಚೆಂಡಿನ ಪಕ್ಕದ ಗಾಳಿಯನ್ನು ಕದಡಿ ಹಾರಾಟವನ್ನು ಹದಕ್ಕೆ ತರುತ್ತವೆ. 1970ರ ವಿಶ್ವಕಪ್‌ನ ಚೆಂಡಿಗೆ 32 ತುಂಡುಗಳಿದ್ದವು, 12 ಕಪ್ಪು ಪಂಚಭುಜ, 20 ಬಿಳಿ ಷಡ್ಭುಜ. 2010ರ ಜಬುಲಾನಿ ಎಂಟೇ ತುಂಡುಗಳಿಂದಾದ ನುಣುಪು ಚೆಂಡು. ತಿರುಗದೆ ಹೊರಟರೆ ಅದರ ಬೆನ್ನ ಹಿಂದಿನ ಗಾಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಿತ್ತುಕೊಂಡು ಚೆಂಡು ಕುಡಿದವನಂತೆ ಓಲಾಡುತ್ತಿತ್ತು. ಕೀಪರುಗಳು ಹಿಡಿಶಾಪ ಹಾಕಿದರು. ನಾಲ್ಕು ವರ್ಷದ ನಂತರದ ಬ್ರಜುಕಾಗೆ ತುಂಡುಗಳು ಆರೇ, ಆದರೆ ಅವುಗಳ ನಡುವಿನ ಗೆರೆಯನ್ನು ಉದ್ದವಾಗಿ, ಆಳವಾಗಿ ಇಟ್ಟರು. ಓಲಾಟ ನಿಂತಿತು.

ಕೊನೆಯ ಜಗಳ ಪೆನಾಲ್ಟಿಯದು. ಇದನ್ನು ಸೂಚಿಸಿದವನು ವಿಲಿಯಂ ಮೆಕ್ರಮ್ ಎಂಬ ಐರಿಷ್ ಮನುಷ್ಯ, ಸ್ವತಃ ಕೀಪರ್! ಗೋಲಿನ ಬಾಯಲ್ಲಿ ಬೇಕೆಂದೇ ಕೆಡವಿ ಬಚಾವಾಗುವವರನ್ನು ಕಂಡು ರೋಸಿಹೋಗಿದ್ದ. ಸಭ್ಯರು ಮೋಸ ಮಾಡುತ್ತಾರೆಂದು ನಿಯಮವೇ ಒಪ್ಪಿಕೊಳ್ಳುವುದೇ ಎಂದು ದೊಡ್ಡವರು ಮೂಗು ಮುರಿದರು. 1891ರಲ್ಲಿ ನಿಯಮ ಬಂದೇಬಂತು. ಒದೆಯುವವನಿಗೆ ಎದುರು ಕೀಪರ್ ಒಬ್ಬನೇ, ದೂರ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಅದನ್ನು ದಾಟಲು 0.4 ಸೆಕೆಂಡ್ ಸಾಕು. ಚೆಂಡು ಎತ್ತ ಹೊರಟಿತೆಂದು ಕಣ್ಣು-ಮಿದುಳು ತಿಳಿಯುವುದಕ್ಕೇ 0.2 ಹೋಗುತ್ತದೆ, ಮೂಲೆಯವರೆಗೆ ಮೈ ಚಾಚಲು ಅರ್ಧ ಸೆಕೆಂಡಿಗೂ ಮೀರಿ ಬೇಕು. ನೋಡಿ ಹಾರಿದರೆ ತಡವಾಯಿತು. ಆದ್ದರಿಂದ ಕೀಪರ್ ನೋಡುವ ಮೊದಲೇ ಒಂದು ಕಡೆಗೆ ಪಣ ಕಟ್ಟಿ ಹಾರುತ್ತಾನೆ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ್ದು ತಮಾಷೆಯಾಗಿದೆ: ನಡುವೆ ಸುಮ್ಮನೆ ನಿಂತ ಕೀಪರುಗಳು ಮೂರರಲ್ಲೊಂದನ್ನು ತಡೆದಿದ್ದರು, ಹಾರಿದವರು ಏಳೆಂಟರಲ್ಲೊಂದನ್ನು. ಆದರೂ ನಿಂತವರು ನೂರಕ್ಕೆ ಆರೇ ಮಂದಿ. ಹಾರಿ ಸೋತರೆ ‘ಪ್ರಯತ್ನಪಟ್ಟ’ ಎನ್ನುತ್ತಾರೆ, ನಿಂತು ಸೋತರೆ ‘ಕಂಬದ ಹಾಗೆ ನಿಂತ’ ಎನ್ನುತ್ತಾರೆ. ಲೋಕಾಪವಾದದ ಭಯ ಅಂಕಗಣಿತಕ್ಕಿಂತ ದೊಡ್ಡದು.

ಒದೆಯುವವನ ಎದೆಬಡಿತವೂ ಕಡಿಮೆಯದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ, ಬಹುತೇಕರು ಬರಿಗಾಲಲ್ಲೇ, ಫ್ರಾನ್ಸಿನ ವಿರುದ್ಧ ಆಡಿ 2-1ರಿಂದ ಸೋತಿತು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತ್ತು. ಕೇರಳವನ್ನು ದಾಟಿ 2023ರ ಫೈನಲ್ ತಲುಪಿದ ಬೆಂಗಳೂರು ಎಫ್‌ಸಿ ಕೂಡ ಸೋತದ್ದು ಪೆನಾಲ್ಟಿಗಳಲ್ಲೇ.

ಕಳೆದ ಭಾನುವಾರ ನಮ್ಮ ಸೈಟಿನಲ್ಲೂ ಒಂದು ಪೆನಾಲ್ಟಿ ಸಿಕ್ಕಿತು. ಹನ್ನೊಂದು ಹೆಜ್ಜೆ ಅಳೆದರು. ಒದೆಯುವವನು ಚೆಂಡಿಗೆ ಅಂಟಿದ ಕೆಸರನ್ನು ಚಡ್ಡಿಗೆ ಒರೆಸಿದ, ನಾಲ್ಕು ಹೆಜ್ಜೆ ಹಿಂದೆ ಹೋದ, ಓಡಿ ಬಂದು ಒದ್ದ. ಚೆಂಡು ಎಡ ಚಪ್ಪಲಿಯ ಒತ್ತಿನಲ್ಲೇ ಹೊರಗೆ ಹೋಯಿತು. ಹೊಡೆದವನು ಮಾತಾಡದೆ ಒಂದು ಚಪ್ಪಲಿಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿದ. ಆರೂವರೆ. ಕುಳ್ಳ ಕೀಪರ್ ಆಕಾಶ ನೋಡುತ್ತಿದ್ದ. ಎಡಗಡೆಯ ಮಣ್ಣಿನಲ್ಲಿ ಚಪ್ಪಲಿ ಜರುಗಿದ ಗೆರೆ ಉದ್ದಕ್ಕೆ ಕಾಣುತ್ತಿತ್ತು.